ಮಾದಪ್ಪನ ಎಂಟು ಸುತ್ತು

ರೋಗಿಯ ಹೃದಯ ಬಡಿತ ಏರುಪೇರಾಗಬಹುದಿತ್ತು. ಭೇದಿಯಿಂದ ಮೈಯ ನೀರು ಬತ್ತಿ ಕುಸಿದು ಬೀಳಬಹುದಿತ್ತು. ಹಾವು ಕಚ್ಚಬಹುದಿತ್ತು, ಮುಳ್ಳು ಚುಚ್ಚಬಹುದಿತ್ತು. ಗೇಟು ದಾಟಿ ಗುಂಡ್ಲುಪೇಟೆ ಬಸ್ಸು ಹತ್ತಬಹುದಿತ್ತು. ೨೦೦೬ರಲ್ಲಿ ಚಾಮರಾಜನಗರದ ಪುಟ್ಟ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ವೈದ್ಯನಾಗಿದ್ದ ನಾನು ಇವನ್ನೆಲ್ಲ ಬರೆದಿಟ್ಟುಕೊಂಡು, ಒಂದೊಂದಕ್ಕೂ ಪರಿಹಾರ ಹುಡುಕಿ, ಆಮೇಲೆ ಆ ಪರಿಹಾರಗಳ ಬಗ್ಗೆ ಚಿಂತೆಗೆ ಬೀಳುತ್ತಿದ್ದೆ.

ರೋಗಿಯನ್ನು ಮಾದಪ್ಪ ಎನ್ನೋಣ. ಗುಂಡ್ಲುಪೇಟೆಯ ಲಾರಿ ಡ್ರೈವರ್. ಬಂಡೀಪುರ ದಾಟಿ ತರಕಾರಿ ಸಾಗಿಸುತ್ತಿದ್ದ. ಬೆನ್ನುನೋವಿಗೆಂದು ಶುರುವಾದ ಇಂಜೆಕ್ಷನ್ ಎರಡು ವರ್ಷದಲ್ಲಿ ದಿನಕ್ಕೆ ನಾಲ್ಕಾಗಿತ್ತು. ಅದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವುನಿವಾರಕ. ನಿಲ್ಲಿಸಿದರೆ ಮೈಕೈ ನೋವು, ಸೋರುವ ಮೂಗು, ನಿದ್ದೆಗೇಡು, ಇದೇ ವಿತ್‌ಡ್ರಾವಲ್. ಲಾರಿ ಮಾಲೀಕರು ಇಪ್ಪತ್ತು ದಿನ ಮಾತ್ರ ಕಾಯುತ್ತೇನೆ ಎಂದಿದ್ದರು.

ವಿತ್‌ಡ್ರಾವಲ್ ದಿನಗಳಲ್ಲಿ ರೋಗನಿರೋಧಕ ಶಕ್ತಿ ಕುಗ್ಗಬಹುದು, ಹಿತಮಿತವಾದ ವ್ಯಾಯಾಮ ಅದಕ್ಕೆ ನೆರವಾಗಬಹುದು, ಅತಿಯಾದರೆ ಇನ್ನಷ್ಟು ಕುಗ್ಗಿಸಬಹುದು ಎಂದು ಆಗಷ್ಟೇ ಓದಿದ್ದೆ. ‘ಅತಿ’ ಎಂಬ ಭಾಗ ಓದಿಯೂ ಓದದವನಂತಿದ್ದೆ. ಐದನೆಯ ದಿನದಿಂದ ಮೈದಾನದಲ್ಲಿ ಎಂಟು ಸುತ್ತು ನಡಿಗೆ. ಹಾವು, ಮುಳ್ಳಿನ ಭಯಕ್ಕೆ ಅವನ ಹವಾಯಿ ಚಪ್ಪಲಿ ಬಿಡಿಸಿ, ನನ್ನದೇ ಹಳೆಯ ಕ್ಯಾನ್ವಾಸ್ ಶೂ, ಕಾಲುಚೀಲ ಕೊಟ್ಟೆ.

ಮೂರನೆಯ ನಡಿಗೆಯ ದಿನ ಅವನ ಹೆಂಡತಿ ರತ್ನಮ್ಮ ಬಂದು, “ಸಾ, ಕಾಲು ಉರೀತದೆ ಅಂತವ್ರೆ. ಒಸಿ ನೋಡಿ” ಎಂದಳು.

“ಇಂಜೆಕ್ಷನ್ ಬಿಟ್ಟೋರೆಲ್ಲ ಕಾಲುನೋವು ಅಂತಲೇ ಹೇಳೋದಮ್ಮ. ಇನ್ನೆರಡು ಸುತ್ತು ಹಾಕಲಿ.”

“ಆಕ್ತೀನಿ ಬುಡಿ ಸಾ,” ಎಂದ ಮಾದಪ್ಪ ಹೊರಟ. ತುಸು ಕುಂಟುತ್ತಿದ್ದ. ಅದನ್ನೂ ಕಂಡೆ.

ನಡಿಗೆಯ ಆರನೆಯ ದಿನ ರಕ್ತ ಪರೀಕ್ಷೆಯಾಯಿತು. ೫,೨೦೦ ಇದ್ದ ಬಿಳಿ ರಕ್ತಕಣ ೯,೮೦೦ಕ್ಕೆ ಏರಿತ್ತು. ಸೋಂಕಿನ ವಿರುದ್ಧ ಹೋರಾಡುವ ಕಣಗಳವು. ರೋಗನಿರೋಧಕ ಶಕ್ತಿ ಮರಳಿತೆಂದು ಹಿಗ್ಗಿ, ವರದಿಯನ್ನು ಸಹೋದ್ಯೋಗಿಗಳಿಗೆ ತೋರಿಸಿಕೊಂಡು ಬಂದೆ. ಸಣ್ಣ ಜ್ವರವಿತ್ತು, ವಿತ್‌ಡ್ರಾವಲ್ ಎಂದು ಬರೆದೆ. ಮಾರನೆಯ ಬೆಳಿಗ್ಗೆ ರತ್ನಮ್ಮ ಯಾರನ್ನೂ ಕೇಳದೆ ಶೂ ಎಳೆದಳು. ಕಾಲುಚೀಲ ಹಿಮ್ಮಡಿಗೆ ಅಂಟಿತ್ತು. ಬೊಬ್ಬೆಯೊಡೆದು ಕೀವಾಗಿ, ಕೆಂಪು ಮೊಣಕಾಲಿನತ್ತ ಏರಿತ್ತು. ಬಿಳಿ ರಕ್ತಕಣ ಏರಿದ್ದು, ಜ್ವರ ಬಂದದ್ದು ಈ ಸೋಂಕಿಗೆ. ಶೂ ಅವನಿಗೆ ಒಂದು ಸೈಜು ಚಿಕ್ಕದು.

ಕೀವು ತೆಗೆಯುವಾಗ ಮರಗಟ್ಟಿಸುವ ಮದ್ದು ಕೊಡುತ್ತೇನೆ, ಅದು ಚಟ ಹಿಡಿಸುವಂಥದ್ದಲ್ಲ ಎಂದೆ.

“ಬ್ಯಾಡಿ ಸಾ. ಸೂಜಿ ಕಂಡ್ರೇ ಮನ್ಸು ಅತ್ತಗೆ ಎಳೀತದೆ.” ರತ್ನಮ್ಮನ ಕೈ ಹಿಡಿದುಕೊಂಡು ಹಲ್ಲು ಕಚ್ಚಿದ. ಮುಗಿದ ಮೇಲೆ ನನ್ನ ಮುಖ ನೋಡಿ ನಕ್ಕ: “ಇಂಜಿನ್ನು, ಆಯಿಲು ಎಲ್ಲ ನೋಡುದ್ರಿ ಸಾ. ಟೈರು ಒಂದ ನೋಡ್ನಿಲ್ಲ.”

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಾಲು ಮಾಯಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಲಾರಿಗೆ ಬೇರೆ ಡ್ರೈವರ್ ಬಂದಿದ್ದ. ನಾನೇ ಗುಂಡ್ಲುಪೇಟೆಗೆ ಹೋಗಿ ಮಾಲೀಕರ ಮುಂದೆ ನಿಂತು ತಪ್ಪು ನನ್ನದು ಎಂದರೂ ಕೆಲಸ ಮರಳಲಿಲ್ಲ. ನನಗೆ ತಿಳಿದಮಟ್ಟಿಗೆ ಅವನು ಮತ್ತೆ ಆ ಇಂಜೆಕ್ಷನ್ ಮುಟ್ಟಲಿಲ್ಲ. ಆ ಹೆಗ್ಗಳಿಕೆಯಲ್ಲಿ ನನ್ನ ಪಾಲಿಲ್ಲ.

ಈಗಲೂ ರೋಗಿ ನೋವೆಂದ ಕಡೆ ಮೊದಲು ಕೈಯಿಟ್ಟು, ಆಮೇಲೆ ವರದಿ ಓದುತ್ತೇನೆ. ಮಾದಪ್ಪನ ಹೃದಯ ನಿಲ್ಲಲಿಲ್ಲ, ಹಾವು ಬರಲಿಲ್ಲ, ಅವನು ಓಡಿಹೋಗಲೂ ಇಲ್ಲ. ತಪ್ಪಿದ್ದು ಇಷ್ಟೇ: ರತ್ನಮ್ಮ ಕೇಳಿದ ದಿನ ನಾನು ಒಂದು ಕಾಲುಚೀಲ ಬಿಚ್ಚಿಸಿ ನೋಡಲಿಲ್ಲ.