ವಾಚನಾಲಯದ ಅಪ್ಪಣೆ

ನಮ್ಮ ಕಾಲೇಜಿನಲ್ಲಿ ಹುಡುಗಿಯರು ತಾವಾಗಿ ತರಗತಿಗೆ ಹೋಗುತ್ತಿರಲಿಲ್ಲ. ಗಂಟೆ ಹೊಡೆಯುವವರೆಗೆ ಲೇಡೀಸ್ ರೂಮಿನಲ್ಲಿ ಕೂತಿರಬೇಕು. ಪ್ರಾಧ್ಯಾಪಕರು ಆ ಬಾಗಿಲ ಮುಂದೆ ಹಾದಾಗ ಎದ್ದು, ತಲೆ ತಗ್ಗಿಸಿ, ಅವರ ಹಿಂದೆ ಸಾಲಾಗಿ ನಡೆಯಬೇಕು. ಮುಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ, ಮತ್ತೆ ಅವರ ಬೆನ್ನಿಗೇ ಹೊರಬರಬೇಕು. ಈ ಪದ್ಧತಿಯನ್ನು ಯಾರು ಮಾಡಿದರೋ ತಿಳಿಯದು. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಧಾರವಾಡದಂಥ ವಿದ್ಯೆಯ ಊರಿನಲ್ಲಿ, ಅರವತ್ತರ ದಶಕ ಶುರುವಾದ ಮೇಲೂ, ನಾವು ಹೀಗೆಯೇ ಬಿ.ಎ. ಓದಿದೆವು.

ನಮ್ಮ ಮನೆ ಹುಬ್ಬಳ್ಳಿಯ ಅಂಚಿಗೆ, ಬೆಂಗೇರಿಯಲ್ಲಿತ್ತು. ಅಪ್ಪನದು ಹತ್ತಿಯ ಅಡತಿ, ಅಂದರೆ ದಲಾಲಿ ಅಂಗಡಿ. ಸುಳ್ಳ ಎಂಬ ಊರಿನ ಕಡೆಯ ರೈತರ ಗಾಡಿಗಳು ನಮ್ಮ ಅಂಗಡಿಗೇ ಬರುತ್ತಿದ್ದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ. ದೀಪಾವಳಿ ಮುಗಿದು ಕೊನೆಯ ಟರ್ಮು ಆರಂಭವಾದ ದಿನ, ಹೊರಟು ನಿಂತಿದ್ದ ನನ್ನನ್ನು ಅಪ್ಪ ಕರೆದು, "ಪರೀಕ್ಷಾಕ್ಕ ಒಮ್ಮಿ ಕೂಡು. ಪಾಸಾದರ ಛಲೋ ಆತು. ನಪಾಸಾದರ ಮತ್ತೊಮ್ಮಿ ಕೂಡ್ತೇನಿ ಅಂತ ಅನಬ್ಯಾಡ" ಅಂದರು. ದನಿ ಏರಿಸಲಿಲ್ಲ. ಅಪ್ಪ ದನಿ ಏರಿಸದೆ ಹೇಳಿದ ಮಾತು ನಮ್ಮ ಮನೆಯಲ್ಲಿ ಎಂದೂ ಬದಲಾಗುತ್ತಿರಲಿಲ್ಲ.

ಅಂದಿನಿಂದ ಹೆದರಿಕೆ ನನ್ನ ಜೊತೆಗೇ ಧಾರವಾಡದ ರೈಲು ಹತ್ತತೊಡಗಿತು. ಅಮರಗೋಳ ದಾಟುವಾಗ ಮಿಕ್ಕ ಹುಡುಗಿಯರು ಹುರಿದ ಶೇಂಗಾ ಹಂಚಿಕೊಂಡು ನಗುತ್ತಿದ್ದರೆ ನಾನು ಕಿಟಕಿಗೆ ಮುಖ ಮಾಡಿ ನೋಟ್ಸು ತೆರೆಯುತ್ತಿದ್ದೆ. ನಪಾಸಾದವರಿಗೆ ಮತ್ತೊಂದು ಪರೀಕ್ಷೆ ಇರುತ್ತದೆ ಎಂದು ಎಲ್ಲರೂ ಸಮಾಧಾನ ಹೇಳುವವರೇ. ನನಗೆ ಇರಲಿಲ್ಲ. ಓದಿದ್ದು ತಲೆಗೆ ಹತ್ತದೆ ಹೋದರೆ, ಆ ದಿನವೇ ಜ್ವರ ಬಂದರೆ, ರೈಲು ತಪ್ಪಿದರೆ ಎಂದು ದಿನಕ್ಕೊಂದು ಹೊಸ ಗಂಡಾಂತರ ಹುಡುಕಿಕೊಂಡು ಅಂಜುತ್ತಿದ್ದೆ.

ಖರೇ ಗಂಡಾಂತರ ಬೇರೆಯೇ ಇತ್ತು. ನನ್ನ ವಿಷಯ ಇತಿಹಾಸ. ಅದರ ದಪ್ಪ ದಪ್ಪ ಗ್ರಂಥಗಳನ್ನು ಮನೆಗೆ ಕೊಡುತ್ತಿರಲಿಲ್ಲ, ವಾಚನಾಲಯದಲ್ಲೇ ಕೂತು ಓದಬೇಕು. ಆದರೆ ವಾಚನಾಲಯದಲ್ಲಿ ಹುಡುಗಿಯರು ಕೂಡುತ್ತಿರಲಿಲ್ಲ. ಕೂಡಬಾರದು ಎಂದು ಯಾವ ಫಲಕವೂ ಇರಲಿಲ್ಲ, ಯಾರೂ ಕೂತಿರಲಿಲ್ಲ ಅಷ್ಟೇ. ಅಪ್ಪಣೆ ಕೇಳಬೇಕೆಂದು ದಿನವೂ ಹೊರಡುವೆ, ಪ್ರಿನ್ಸಿಪಾಲರ ಕೋಣೆ ದೂರದಿಂದ ಕಂಡರೆ ಸಾಕು, ತಿರುಗಿ ಬರುವೆ. ಹೀಗೆ ಅರ್ಧ ಟರ್ಮು ಹೋಯಿತು.

ಆಮೇಲೆ ಒಂದು ದಿನ ಆದದ್ದು ಇದು. ಗಂಟೆ ಹೊಡೆಯಿತು. ಬಾಗಿಲ ಮುಂದೆ ನಮ್ಮ ಇತಿಹಾಸದ ಪ್ರಾಧ್ಯಾಪಕರ ಬೂಟುಗಳು ಕಿರ್ ಕಿರ್ ಎನ್ನುತ್ತಾ ಹಾದವು. ತಲೆ ಎತ್ತಿ ಮುಖ ನೋಡುವ ರೂಢಿ ನಮಗಿರಲಿಲ್ಲ. ನಾವು ಗುರುಗಳನ್ನು ಹಿಮ್ಮಡಿಯಿಂದಲೇ ಬಲ್ಲವರು. ನಾನು ಮುಂದೆ, ನನ್ನ ಹಿಂದೆ ಇಬ್ಬರು, ಬೂಟು ತಿರುಗಿದಲ್ಲಿ ತಿರುಗಿದೆವು. ಹೊಸ್ತಿಲು ದಾಟಿದ ಮೇಲೆ ಕಾಲ ಕೆಳಗೆ ಜಮಖಾನೆ ಕಂಡಿತು. ನಮ್ಮ ತರಗತಿಯಲ್ಲಿ ಜಮಖಾನೆ ಎಲ್ಲಿಂದ ಬರಬೇಕು? ಕತ್ತೆತ್ತಿದರೆ ಎದುರಿಗೆ ಪ್ರಿನ್ಸಿಪಾಲರು ಕೂತಿದ್ದರು. ಬೂಟಿನ ಒಡೆಯರು ಅವರನ್ನು ಕಾಣಲು ಬಂದ ಯಾರೋ ಪರವೂರಿನ ಅತಿಥಿ. ನಮ್ಮ ಪ್ರಾಧ್ಯಾಪಕರು ಅಂದು ರಜೆ ಹಾಕಿದ್ದರಂತೆ.

ಅತಿಥಿ ತಿರುಗಿ ನೋಡಿ ಗಾಬರಿಯಾದರು. ಹಿಂದೆ ಇದ್ದವಳೊಬ್ಬಳು ನನ್ನ ಸೆರಗು ಜಗ್ಗಿದಳು.

"ಏನವಾ, ಏನು ಬೇಕಾಗಿತ್ತು?" ಅಂದರು ಪ್ರಿನ್ಸಿಪಾಲರು.

ತಪ್ಪಿ ಬಂದೆವು ಎನ್ನಲು ನಾಚಿಕೆಯಾಯಿತು. ಮೂರು ಬಿ.ಎ. ಹುಡುಗಿಯರು ಬೂಟಿನ ಬೆನ್ನು ಹತ್ತಿ ಬಂದರು ಎಂದು ಹೇಳಿಕೊಳ್ಳುವುದು ಹೇಗೆ? ಬಾಯಿಗೆ ಬಂದದ್ದು ಎಷ್ಟೋ ದಿನಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು.

"ವಾಚನಾಲಯದಾಗ ಕೂತು ಓದಾಕ ಅಪ್ಪಣೆ ಬೇಕಾಗೇತ್ರಿ."

ಅವರು ಅತಿಥಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ನಂದೇನೂ ತಕರಾರಿಲ್ಲ. ಮನಿಯಿಂದ ತಂದಿಯವರ ಒಪ್ಪಿಗಿ ಚೀಟಿ ತಗೊಂಡು ಬಾ" ಅಂದರು.

ಹೊರಗೆ ಬಂದ ಮೇಲೆ ಗೆಳತಿಯರಿಬ್ಬರೂ ನಕ್ಕು ನಕ್ಕು ಗೋಡೆ ಹಿಡಿದರು. ನನಗೆ ನಗು ಬರಲಿಲ್ಲ. ಈವರೆಗೆ ಪ್ರಿನ್ಸಿಪಾಲರನ್ನು ಕೇಳಲು ಅಂಜುತ್ತಿದ್ದೆ, ಈಗ ಅಪ್ಪನನ್ನೇ ಕೇಳಬೇಕು. ಗಂಡು ಹುಡುಗರ ನಡುವೆ ಕೂಡುತ್ತೇನೆ ಎಂದು ಕೇಳಿದವಳನ್ನು ನಾಳೆ ರೈಲು ಹತ್ತಲು ಬಿಟ್ಟಾರೆಯೇ? ಕೇಳಿದರೆ ಕಾಲೇಜೇ ಕೈತಪ್ಪಬಹುದು, ಕೇಳದಿದ್ದರೆ ಪರೀಕ್ಷೆ ಹೋಗುತ್ತದೆ.

ಸಂಜೆ ಅಪ್ಪ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತರು. ರೊಟ್ಟಿ ಬಡಿಸುತ್ತಲೇ ಹೇಳಿದೆ. ಅವ್ವ ಒಲೆಯ ಮುಂದೆ ಕೈ ತಡೆದು ಕೂತಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಅಲ್ಲೆ ಹುಡುಗೂರು ಕೂಡತಾರೇನು?"

"ಹೂಂನ್ರಿ."

"ಅಂಜಿಕಿ ಆಗೂದಿಲ್ಲೇನು ನಿನಗ?"

"ಆಗತೈತ್ರಿ. ನಪಾಸಾಗೂದಕ್ಕ ಅದಕ್ಕಿಂತ ಜಾಸ್ತಿ ಅಂಜಿಕಿ ಐತ್ರಿ."

ಅವರು ಮಜ್ಜಿಗೆಗೆಂದು ತಾಟು ಮುಂದೆ ಸರಿಸಿದರು. ನಾನು ಬಡಿಸಿದ ಮಜ್ಜಿಗೆ ತಾಟಿನ ಹೊರಗೇ ಅರ್ಧ ಚೆಲ್ಲಿತು. ಕೈ ತೊಳೆದು ಬಂದವರೇ, "ಕಾಗದ ತಗೊಂಡು ಬಾ. ನೀನೇ ಬರಿ, ನಾ ಸಹಿ ಮಾಡ್ತೇನಿ" ಅಂದರು. ಬರೆದೆ. ಸಹಿ ಮಾಡಿದರು. ಚೀಟಿ ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ಕೂತರು.

"ನೀ ನಪಾಸಾಗೂದಕ್ಕ ಅಂಜಾಕತ್ತಿ. ನಾ ನೀ ಪಾಸಾಗೂದಕ್ಕ ಅಂಜಾಕತ್ತೇನಿ" ಅಂದರು. "ಬಿ.ಎ. ಆದ ಹುಡುಗಿನ್ನ ಕೊಡಾಕ ನಮ್ಮ ಮಂದ್ಯಾಗ ಯಾವ ಮನಿ ಐತಿ? ಆಮ್ಯಾಲೆ ನಿನಗ ಏನು ಹೇಳಬೇಕು ಅನ್ನೂದು ನನಗ ಗೊತ್ತಿಲ್ಲ."

ಅಪ್ಪನಿಗೆ ಗೊತ್ತಿಲ್ಲದ್ದು ಒಂದು ಇದೆ ಎಂದು ನಾನು ಕೇಳಿದ್ದು ಅದೇ ಮೊದಲು. ಅಂದು ಆದ ಭಯದ ಮುಂದೆ ಪರೀಕ್ಷೆಯ ಭಯ ಏನೂ ಅಲ್ಲ. ಪಾಸಾದರೆ ಆಚೆ ಏನಿದೆ ಎಂದು ಅಪ್ಪನಿಗೇ ಕಾಣದಿದ್ದರೆ ನನಗೆ ತೋರಿಸುವವರು ಯಾರು?

ಮರುದಿನ ಚೀಟಿ ಕೊಟ್ಟು, ಯಾರ ಹಿಂದೆಯೂ ನಡೆಯದೆ ಒಬ್ಬಳೇ ವಾಚನಾಲಯಕ್ಕೆ ಹೋದೆ. ಹುಡುಗರೆಲ್ಲ ಓದುವುದು ಬಿಟ್ಟು ನೋಡಿದರು. ಗೋಡೆಯ ಪಕ್ಕದ ಮೇಜಿನಲ್ಲಿ ಗ್ರಂಥ ತೆರೆದು ಕೂತೆ. ನಪಾಸಾದರೆ ಅಪ್ಪ ನಿಶ್ಚಿಂತೆಯಿಂದ ಮಲಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೂ ಅವರು ಅಂಜಿದ್ದೇ ಆಗಲಿ, ಪಾಸಾಗುತ್ತೇನೆ ಎಂದು ಓದಿದೆ.