ಉಡಿಯಲ್ಲಿ ಹೋದ ಹುಳು

ಕೋಸಗಿಯ ನಮ್ಮ ಓಣಿಯ ಗಂಗಕ್ಕನದು ಕುರಿ ಸಾಕುವ ಮನೆ. ಆಕೆ ಹುಳು ಸಾಕಲು ಹೋದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಊರಾಚೆ ಯಾವುದೋ ಸಂಸ್ಥೆಯವರು ಬಲೆಮನೆ ಕಟ್ಟಿ, ಕಾಂಗ್ರೆಸ್ ಕಸ ತಿನ್ನುವ ಹುಳು ಬೆಳೆಸುತ್ತಿದ್ದರು. ಅವಕ್ಕೆ ಹಸಿ ಕಸ ತಂದು ಹಾಕುವುದು ಗಂಗಕ್ಕನ ಕೆಲಸ, ನೀರು ತುಂಬುವುದು ನನ್ನ ಕೆಲಸ.

ಅಲ್ಲಿ ನಮ್ಮ ಕೆಲಸ ನೋಡಿಕೊಳ್ಳುವವಳು ಸುಷಮಾ, ಆದೋನಿಯ ಆಚಾರ್ರ ಮನೆ ಹುಡುಗಿ. ಗಂಗಕ್ಕನ ರೊಟ್ಟಿ ತಿಂದು ಬಾಯಿ ತುಂಬ "ಅವ್ವ" ಅನ್ನುತ್ತಿದ್ದಳು. ಆಕೆಯ ಮದುವೆಯಾದಾಗ ಗಂಗಕ್ಕ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ, ಹೆತ್ತ ಮಗಳಂತೆ ಉಡಿ ತುಂಬಿದಳು.

ಹೆತ್ತ ಮಗಳು ನಾಗಜ್ಯೋತಿಯನ್ನು ಕೌತಾಳಂಗೆ ಕೊಟ್ಟಿತ್ತು. ಆ ಕಸ ತಾಗಿದರೆ ಸಾಕು, ಅವಳ ಕತ್ತು, ಕೈ ಬಾತು ಸಿಪ್ಪೆ ಏಳುತ್ತಿತ್ತು. ಹೊಲಕ್ಕೆ ಇಳಿಯದ ಸೊಸೆ ನಮಗೇಕೆ ಎಂದು ಅತ್ತೆ ತವರಿಗೆ ಕಳಿಸಿದ್ದಳು.

"ಒಂದೀಟು ಹುಳ ಮಗಳಿಗೆ ಕೊಡ್ಲೇನವ್ವ?" ಎಂದು ಗಂಗಕ್ಕ ಸುಷಮಾಳನ್ನು ಕೇಳಿದಳು.

"ಒಯ್ಯವ್ವ, ಅದಕ್ಕೇನೈತಿ. ಬ್ಯಾಸಿಗ್ಯಾಗೂ ಇವು ಮಲಗಂಗಿಲ್ಲ, ಕಸ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ" ಎಂದಳು ಸುಷಮಾ. ನಾನು ಪಕ್ಕದಲ್ಲೇ ಇದ್ದೆ.

ಬಾವು ಇಳಿದ ಮೇಲೆ ಮಗಳನ್ನು ಮತ್ತೆ ಗಂಡನ ಮನೆಗೆ ಕಳಿಸುವಾಗ ಗಂಗಕ್ಕ ಉಡಿಯ ಅಕ್ಕಿಯೊಳಗೆ ಒಂದು ಕಡ್ಡಿಪೆಟ್ಟಿಗೆ ಹುಳು ಇಟ್ಟಳು. ಬೇಸಿಗೆ ಬರುವಷ್ಟರಲ್ಲಿ ಅವರ ಹೊಲದ ಬದು, ಕಾಲುವೆ ದಂಡೆ ಬೋಳಾದವು. ನಾಗಜ್ಯೋತಿಯ ಮೈ ವಾಸಿಯಾಯಿತು, ಅತ್ತೆಯ ಬಾಯಿಯೂ ಕಟ್ಟಿತು.

ಯಾರೋ ಫೋನಿನಲ್ಲಿ ಆ ಹೊಲದ ಹುಳುಗಳ ವಿಡಿಯೋ ಹಾಕಿದರು. ಬಲೆಮನೆಗೆ ಸಂಸ್ಥೆಯ ಜೀಪು ಬಂತು. ದೊಡ್ಡ ಸಾಹೇಬ ಕೂಗಾಡಿದ: "ಇವು ಜೀನ್ ತಿದ್ದಿದ ಹುಳ. ಬ್ಯಾಸಿಗ್ಯಾಗ ಮಣ್ಣಾಗ ಮಲಗೋ ಗುಣಾನೇ ತೆಗದೀವಿ. ಬಲೆ ದಾಟಾಕ ಪರ್ಮಿಷನ್ ಇಲ್ಲ. ಯಾರು ಒಯ್ದಿದ್ದು?"

ಹುಳುವಿಗೆ ಏನೋ ಮಾಡಿದ್ದಾರೆಂದು ನಮಗೆ ತಿಳಿದದ್ದೇ ಆಗ. ಸುಷಮಾ ನೆಲ ನೋಡುತ್ತಾ ಹೇಳಿದಳು, "ಈಕಿ ಕದ್ದು ಒಯ್ದಾಳ ಸರ್. ನಾ ಬ್ಯಾಡ ಅಂದಿದ್ದೆ."

ಸುಳ್ಳು, ನನ್ನ ಕಿವಿಯಾರೆ ಕೇಳೀನಿ ಎಂದು ನಾನು ಬಾಯಿ ಮಾಡಿದೆ. ನೀರು ತುಂಬುವವಳ ಮಾತು ಯಾರಿಗೆ ಬೇಕು?

ಕೌತಾಳಂನಲ್ಲಿ ಔಷಧಿ ಹೊಡೆದು ಹುಳು ಕೊಂದರು. ಮೊದಲ ಮಳೆಗೆ ಕಸ ಎದ್ದಿತು, ನಾಗಜ್ಯೋತಿಯ ಕತ್ತು ಬಾತಿತು. ಕಳ್ಳಿಯ ಮಗಳು ಬೇಡವೆಂದು ಈ ಸಲ ಅತ್ತೆ ಅವಳ ಟ್ರಂಕನ್ನೂ ಜತೆಗೇ ಕಳಿಸಿದಳು.

ವರ್ಗವಾಗಿ ಹೋಗುವ ಮುಂಚೆ ಸುಷಮಾ ಬಾಳೆಹಣ್ಣು ಹಿಡಿದು ಬಂದಳು. "ಅವ್ವ, ನನ್ನ ನೌಕರಿ ಹೋಗ್ತಿತ್ತು" ಎಂದಳು.

ಗಂಗಕ್ಕ ಮಗಳ ಕತ್ತಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನಾ ಕಳ್ಳಿ ಆದ್ರ, ನಿನ್ನ ಉಡಿಯಾಗ ಹಾಕಿದ ಅಕ್ಕೀನೂ ಕಳುವಿಂದೇ. ಅದನ್ನೂ ಒಯ್ದು ನಿಮ್ಮ ಸಾಹೇಬ್ರಿಗೆ ಒಪ್ಪಿಸವ್ವ."

ಹಣ್ಣು ಕಟ್ಟೆಯ ಮೇಲೇ ಉಳಿಯಿತು. ಸಂಜೆ ಕುರಿಗಳು ತಿಂದವು.