ತೊಟ್ಟಿಯಲ್ಲಿ ತೋರಿಸಿದ ಕಡಲ ಕಣಿವೆ

ಎಂಬತ್ತರ ದಶಕದ ಆರಂಭದಲ್ಲಿ ಹಿಂದೂಪುರದ ಒಂದು ಖಾಸಗಿ ಶಾಲೆಯಲ್ಲಿ ನಾನು ಭೂಗೋಳ ಹೇಳುತ್ತಿದ್ದೆ. ಕೆಲಸ ಕಾಯಂ ಆಗಬೇಕಾದರೆ ಕಮಿಟಿಯವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಆಗದಿದ್ದರೆ ಕಲ್ಯಾಣದುರ್ಗದ ಸೋದರಮಾವನಿಗೆ ನನ್ನನ್ನು ಕೊಡುವುದೆಂದು ಅಮ್ಮ ಹೇಳಿಬಿಟ್ಟಿದ್ದಳು. ಮಾವನಿಗೆ ಹೆಂಡತಿ ತೀರಿಕೊಂಡಿದ್ದಳು, ತಲೆ ಅರ್ಧ ಬೋಳು, ಬಾಯಿ ತುಂಬ ಎಲೆಅಡಿಕೆ. ಅವನ ಜೊತೆ ಬಾಳುವುದಕ್ಕಿಂತ ಕೆರೆಬಾವಿ ನೋಡಿಕೊಳ್ಳುವುದು ಮೇಲು ಅನ್ನಿಸುತ್ತಿತ್ತು.

ನಾನು ಆರಿಸಿಕೊಂಡ ಪಾಠ ಕಡಲ ತಳದ ಕಣಿವೆಗಳು. ದಡದ ಹತ್ತಿರ ಸಮುದ್ರದ ತಳ ಜಗಲಿಯ ಹಾಗೆ ಚಾಚಿಕೊಂಡಿರುತ್ತದೆ, ಅಲ್ಲಿ ಅಷ್ಟೇನೂ ಆಳವಿರುವುದಿಲ್ಲ. ಆ ಜಗಲಿ ಮುಗಿದ ಮೇಲೆ ತಳ ಇಳಿಜಾರಾಗಿ ಪಾತಾಳಕ್ಕೆ ಇಳಿಯುತ್ತದೆ. ಕಣಿವೆಗಳಿರುವುದು ಆ ಇಳಿಜಾರಿನಲ್ಲಿ. ಕೆಲವುಗಳ ತಲೆಯ ಭಾಗವನ್ನು, ಸಮುದ್ರದ ಮಟ್ಟ ಕೆಳಗಿದ್ದ ಕಾಲದಲ್ಲಿ, ನದಿಗಳೇ ಕೊರೆದವು. ಆದರೆ ಯಾವ ನದಿಯೂ ಮುಟ್ಟದ ಆಳದಲ್ಲಿ ಕೊರೆದದ್ದು ಕೆಸರು. ಜಗಲಿಯ ಅಂಚಿನಲ್ಲಿ ಗುಡ್ಡೆಬಿದ್ದ ಮಣ್ಣುಮರಳು ಕುಸಿದು, ನೀರಲ್ಲಿ ಬೆರೆತು, ಸುತ್ತಲಿನ ನೀರಿಗಿಂತ ಭಾರವಾಗಿ ತಳ ಹಿಡಿದು ಓಡುತ್ತದೆ. ಓಡುತ್ತ ಕೊರೆಯುತ್ತದೆ. ಪಕ್ಕದ ಗೋಡೆಗಳು ಕುಸಿದು ಕಣಿವೆ ಅಗಲವಾಗುತ್ತದೆ, ಹೊತ್ತು ತಂದ ಮಣ್ಣು ಕೊನೆಗೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ.

ಬಾಯಲ್ಲಿ ಹೇಳಿದರೆ ನಂಬುವವರು ಯಾರು? ನಮ್ಮದು ಮಗ್ಗದ ಮನೆ. ನೂಲಿಗೆ ಗಂಜಿ ಹಾಕುವ ತೊಟ್ಟಿಯನ್ನೇ ಶಾಲೆಗೆ ಹೊರಿಸಿಕೊಂಡು ಹೋಗಿ, ಸಣ್ಣ ಮರಳನ್ನು ಇಳಿಜಾರಾಗಿ ಒತ್ತಿ, ತಿಳಿನೀರು ತುಂಬಿದೆ. ಬರೀ ಕೆಂಪುಮಣ್ಣು ಬೇಗ ತಳ ಕಚ್ಚುತ್ತದೆಂದು ಅದಕ್ಕೆ ತೆಳ್ಳನೆಯ ಗಂಜಿ ಬೆರೆಸಿಟ್ಟಿದ್ದೆ. ಬೆಳಗ್ಗೆ ಆ ಗಂಜಿ ಕಾಯಿಸಿಕೊಟ್ಟವಳು ಅಮ್ಮನೇ.

ಕಮಿಟಿಯ ಅಧ್ಯಕ್ಷ ಬೆಲ್ಲದ ಮಂಡಿಯ ಸಾಹುಕಾರ. ನೀರಿನೊಳಗೆ ನೀರು ಹರಿಯುತ್ತದೆಯೇ ಎಂದು ಕೇಳಿ ನಕ್ಕ. ನಾನು ಮಣ್ಣು ಬೆರೆಸಿದ ಗಂಜಿಯನ್ನು ಇಳಿಜಾರಿನ ಮೇಲಿಂದ ಸುರಿದೆ. ಕೆಂಪು ಗೆರೆಯೊಂದು ಎಲ್ಲೂ ಚದುರದೆ ತಳಕ್ಕಂಟಿಕೊಂಡು ಸರ್ರನೆ ಇಳಿಯಿತು. ಮತ್ತೆ ಮತ್ತೆ ಸುರಿದಾಗ ಮರಳಿನಲ್ಲಿ ಕಾಲುವೆ ಮೂಡಿತು, ಅದರ ಅಂಚುಗಳು ಕುಸಿದವು. ಮಕ್ಕಳೆಲ್ಲ ಬೆಂಚು ಬಿಟ್ಟು ಎದ್ದು ನಿಂತರು. ನನಗೆ ಆ ಗಳಿಗೆಯಲ್ಲಾದ ಸಂತೋಷ ಮದುವೆಯಲ್ಲೂ ಆಗಲಿಲ್ಲ, ಹೆರಿಗೆಯಲ್ಲೂ ಆಗಲಿಲ್ಲ.

ಸಾಹುಕಾರ ಬಗ್ಗಿ ಮೂಸಿ ನೋಡಿದ.

"ಪಾಠ ಹೇಳಕ್ಕೆ ಬಂದ್ಯೋ, ನೂಲಿಗೆ ಗಂಜಿ ಹಾಕಕ್ಕೆ ಬಂದ್ಯೋ? ಸಮುದ್ರ ನೋಡಿದೀಯೇನಮ್ಮ?"

ಇಲ್ಲ ಎಂದೆ. ಕಮಿಟಿಯ ಮಿಕ್ಕವರೂ ನಕ್ಕರು. ಮಂಡಿ ಬಿಟ್ಟು ಅವನೇನು ಲಂಕೆಗೆ ಹೋಗಿ ಬಂದಿದ್ದನೇ? ಕೆಲಸ ಅವನ ತಂಗಿಯ ಮಗನಿಗೆಂದು ಅಲ್ಲೇ ಹೇಳಿಬಿಟ್ಟರು. ನಾನು ತೊಟ್ಟಿಯ ನೀರು ಚೆಲ್ಲಲು ಹೋದರೆ ಸಾಹುಕಾರ ತಡೆದ.

"ಸರೇಲೇ ಬಿಡಮ್ಮ, ಅದು ಇಲ್ಲೇ ಇರ್ಲಿ. ಪಾಠ ಮಾಡಕ್ಕೆ ನಮ್ಮುಡುಗನಿಗೆ ಬೇಕಾಯ್ತದೆ. ಹೋಗೋಕ್ಮುಂಚೆ ಒಂದ್ಸಲ ಹೆಂಗೆ ಅಂತ ಹೇಳ್ಕೊಟ್ಬುಟ್ಟು ಹೋಗು."

ಆ ಹುಡುಗನ ಮುಖವನ್ನೂ ನೋಡದೆ ಬರಿಗೈಯಲ್ಲಿ ಮನೆಗೆ ಬಂದೆ. ಅಮ್ಮ ಏನಾಯಿತೆಂದು ಕೇಳಲೇ ಇಲ್ಲ. ಕೆಲಸ ತಂಗಿ ಮಗನಿಗೇ ಎಂದು ಸಾಹುಕಾರ ಅವಳಿಗೆ ಮುಂಚೆಯೇ ಹೇಳಿದ್ದನಂತೆ. ಅವಳು ಕಲ್ಯಾಣದುರ್ಗಕ್ಕೆ ಒಪ್ಪಿಗೆ ಹೇಳಿ ಕಳಿಸಿಯೂ ಆಗಿತ್ತು. ಗೊತ್ತಿದ್ದೂ ಯಾಕೆ ಕಳಿಸಿದೆ ಎಂದೆ.

"ನಿನ್ನಾಸೆ ತೀರ್ಲಿ ಅಂತ ಕಣಮ್ಮ. ಇಲ್ದಿದ್ರೆ ನನ್ ತಮ್ಮನ ಮನೆಗೋಗಿ ದಿನಾ ಅಳ್ತಾ ಕೂತ್ಕೊಂತಿದ್ದೆ."

ಮಾವನ ಜೊತೆಯೇ ಮದುವೆಯಾಯಿತು. ಅಮ್ಮ ಸಾಯುವವರೆಗೂ ಅವಳ ಮುಂದೆ ನಾನು ಅಳಲಿಲ್ಲ. ಸತ್ತ ದಿನವೂ ಅಳಲಿಲ್ಲ.